ನೋಯಿಸದ ಕೈ

ಕಸಿಲ್ದಾಳ ಕೈ ನೋಯಿಸುವುದಿಲ್ಲ. ಇದು ನಾನೇ ಹೇಳಿಕೊಳ್ಳುವ ಮಾತಲ್ಲ, ನಮ್ಮ ಮೊಂತೆ ನೇಗ್ರು ಊರಿನಲ್ಲಿ ಯಾವ ಮನೆಯ ಬಾಗಿಲು ತಟ್ಟಿ ಕೇಳಿದರೂ ಸಿಗುವ ಮಾತು. ಮೂವತ್ತೆಂಟು ವರ್ಷದಿಂದ ಇಲ್ಲಿನ ಆರೋಗ್ಯ ಕೇಂದ್ರದ ನರ್ಸು ನಾನು. ಮನೆಮನೆಗೆ ಹೋಗಿ ಹಳೆಯ ಹುಣ್ಣುಗಳನ್ನು ತೊಳೆದು ಬ್ಯಾಂಡೇಜು ಕಟ್ಟುವುದು ನನ್ನ ಕೆಲಸ. ಗಾಯಕ್ಕೆ ಅಂಟಿದ ಬಟ್ಟೆಯನ್ನು ನಾನು ಬಿಡಿಸಿದರೆ ತೂಕಡಿಸುತ್ತಿದ್ದ ಮುದುಕರಿಗೆ ಎಚ್ಚರವೂ ಆಗುತ್ತಿರಲಿಲ್ಲ. ಗಂಡ ಸತ್ತ ಮೇಲೆ, ಮಕ್ಕಳಿಲ್ಲದ ಮನೆಯಲ್ಲಿ, ನನಗೆ ಉಳಿದಿದ್ದು ಆ ಒಂದೇ ಹೆಮ್ಮೆ. ಮುಂದೆ ನಾನು ಮಾಡಿದ್ದನ್ನು ಕೇಳಿ ನೀವು ಬೈಯುತ್ತೀರಿ. ಬೈಯಿರಿ, ಆದರೆ ಇದನ್ನು ಮೊದಲು ತಿಳಿದುಕೊಂಡು ಬೈಯಿರಿ.

ಬ್ರಿಜಿದಾ ಚಿಕ್ಕಮ್ಮನಿಗೆ ಎಂಬತ್ತೊಂದು. ನನ್ನ ಚಿಕ್ಕಮ್ಮನೇನೂ ಅಲ್ಲ, ನಮ್ಮ ಕಡೆ ಹಿರಿಯ ಹೆಂಗಸರನ್ನೆಲ್ಲ ಹಾಗೆಯೇ ಕರೆಯುತ್ತೇವೆ. ಹನ್ನೆರಡನೆಯ ವಯಸ್ಸಿನಿಂದ ಕುರಿಹಾಲಿನ ಚೀಸ್ ಮಾಡಿದ ಕೈ ಅವಳದು. ಆರು ವರ್ಷದ ಹಿಂದೆ ಅವಳ ಎಡಗಾಲಿನ ಹರಡಿನ ಮೇಲೆ ಒಂದು ಹುಣ್ಣಾಯಿತು. ರಕ್ತನಾಳ ಉಬ್ಬಿದ ಕಾಲಿನಲ್ಲಿ ಆಗುವಂಥದು, ಅಂಗೈಯಗಲ. ತೆರೆದ ಗಾಯ ಇರುವವರು ಚೀಸ್‌ಮನೆಯೊಳಗೆ ಕಾಲಿಡುವಂತಿಲ್ಲ, ಇದು ಕಾನೂನು. ತನಿಖೆಗೆ ಬಂದ ಅಧಿಕಾರಿ ಅವಳ ಬ್ಯಾಂಡೇಜು ನೋಡಿ ಬಾಗಿಲಲ್ಲೇ ನಿಲ್ಲಿಸಿದ. ಅಂದಿನಿಂದ ಚೀಸ್‌ಮನೆ ಸೊಸೆ ಲಿಯೊಕಾದಿಯಾಳ ಕೈಗೆ ಹೋಯಿತು. ಅಡುಗೆಮನೆಯ ಕಿಟಕಿಯಿಂದ ಅಂಗಳ ದಾಟಿದರೆ ಇಪ್ಪತ್ತು ಹೆಜ್ಜೆ. ಮುದುಕಿ ಕಿಟಕಿಯಲ್ಲಿ ಕೂತು ಉಪ್ಪು ಜಾಸ್ತಿ ಹಾಕಬೇಡ, ಹಿಂಡುವಾಗ ಅವಸರ ಮಾಡಬೇಡ ಎಂದು ಕೂಗುತ್ತಿದ್ದಳು, ಸೊಸೆ ಕೇಳಿಸದವಳಂತೆ ಇರುತ್ತಿದ್ದಳು. ಹುಣ್ಣು ಮಾಯಬೇಕು, ಮತ್ತೆ ಆ ಬಾಗಿಲು ದಾಟಬೇಕು. ಬ್ರಿಜಿದಾ ಚಿಕ್ಕಮ್ಮ ದೇವರ ಹತ್ತಿರ ಬೇರೆ ಏನನ್ನೂ ಕೇಳುತ್ತಿರಲಿಲ್ಲ.

ಸೋಮವಾರ, ಬುಧವಾರ, ಶುಕ್ರವಾರ ನಾನು ಹೋಗುತ್ತಿದ್ದೆ. ಅವಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಬೆಚ್ಚಗಿನ ಉಪ್ಪುನೀರು ಹನಿಸುತ್ತಿದ್ದೆ. ಹುಣ್ಣಿನ ತಳದಲ್ಲಿ ಹಳದಿಬಣ್ಣದ ತೆಳ್ಳನೆಯ ಹೊಳೆಯುವ ಪೊರೆ ಇರುತ್ತಿತ್ತು. ಅದು ಹೊಸ ಚರ್ಮ ಎಂದು ನಾನು ನಂಬಿದ್ದೆ. ಅದಕ್ಕೆ ಉಗುರು ತಾಕದಂತೆ, ಬಟ್ಟೆ ಉಜ್ಜದಂತೆ, ಹೆತ್ತ ಮಗುವನ್ನು ಕಾಪಾಡಿದ ಹಾಗೆ ಕಾಪಾಡಿದೆ. ಚರ್ಮ ಬರುತ್ತಾ ಇದೆ ಚಿಕ್ಕಮ್ಮ, ಎನ್ನುತ್ತಿದ್ದೆ. ಆರು ವರ್ಷ ಬರುತ್ತಲೇ ಇತ್ತು. ಬ್ಯಾಂಡೇಜು ಕಟ್ಟಿದ ಮೇಲೆ ಕೊತ್ತಂಬರಿ, ಬೆಳ್ಳುಳ್ಳಿ ಹಾಕಿದ ಬ್ರೆಡ್ಡಿನ ಸಾರು ಬಡಿಸುತ್ತಿದ್ದಳು, ಊರಿನವರನ್ನೆಲ್ಲ ಒಬ್ಬೊಬ್ಬರಾಗಿ ಎತ್ತಿ ಆಡುತ್ತಾ ಇಬ್ಬರೂ ತಿನ್ನುತ್ತಿದ್ದೆವು. ವಾರದಲ್ಲಿ ನಾನು ಒಬ್ಬಳೇ ಕೂತು ಉಣ್ಣದ ಊಟಗಳು ಆ ಮೂರೇ.

ಹೋದ ನವೆಂಬರಿನಲ್ಲಿ ನನಗೆ ಪಿತ್ತಕೋಶದ ಆಪರೇಷನ್ ಆಯಿತು. ಹೊಲಿಗೆ ಕೀವಾಗಿ ಹತ್ತು ವಾರ ರಜೆ. ನನ್ನ ಜಾಗಕ್ಕೆ ನೀದಿಯಾ ಎಂಬ ಹುಡುಗಿಯನ್ನು ಕಳಿಸಿದರು. ಇಪ್ಪತ್ತೇಳು ವರ್ಷ, ಉತ್ತರದವಳು, ಕಲಿತದ್ದೆಲ್ಲ ಬಾಯಲ್ಲಿ ಇನ್ನೂ ಬಿಸಿಯಾಗಿತ್ತು. ಅವಳು ಹುಣ್ಣಿಗೆ ಮರಗಟ್ಟುವ ಮುಲಾಮು ಹಚ್ಚಿ, ಅರ್ಧ ಗಂಟೆ ಕಾದು, ಅಂಚು ಹರಿತವಾದ ಪುಟ್ಟ ಚಮಚದಿಂದ ರಕ್ತ ಜಿನುಗುವವರೆಗೆ ಕೆರೆಯುತ್ತಾಳೆ ಎಂದು ಪಕ್ಕದ ಮನೆಯವರು ಬಂದು ಹೇಳಿದರು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ, ಎಂದೆ. ಒಳಗೊಳಗೇ ಖುಷಿಯಾಗಿತ್ತು. ಬ್ರಿಜಿದಾ ಚಿಕ್ಕಮ್ಮ ಇವಳನ್ನು ಪೊರಕೆ ತಗೊಂಡು ಓಡಿಸುತ್ತಾಳೆ, ಕಸಿಲ್ದಾ ಎಲ್ಲಿ ಎಂದು ಹಲುಬುತ್ತಾಳೆ ಎಂದುಕೊಂಡು ಹಾಸಿಗೆಯಲ್ಲಿ ಹೊರಳಿ ಮಲಗಿದೆ.

ಜನವರಿ ಕೊನೆಯಲ್ಲಿ ಕೆಲಸಕ್ಕೆ ಮರಳಿದ ದಿನವೇ ನೀದಿಯಾಳ ಜೊತೆ ಅಲ್ಲಿಗೆ ಹೋದೆ. ಅವಳು ಬ್ಯಾಂಡೇಜು ಬಿಚ್ಚಿದಳು. ಅಂಗೈಯಗಲದ ಹುಣ್ಣು ಎರಡು ಯೂರೋ ನಾಣ್ಯದಷ್ಟಾಗಿತ್ತು. ತಳ ಕೆಂಪಗೆ, ದಾಳಿಂಬೆ ಕಾಳಿನ ಹಾಗೆ. ಸುತ್ತ ನಿಜವಾದ ಚರ್ಮ, ತಿಳಿಗುಲಾಬಿ, ಅಂಚಿನಿಂದ ಒಳಗೆ ತೆವಳುತ್ತಿತ್ತು. ನೀದಿಯಾ ವಾರಕ್ಕೊಂದು ಪಾರದರ್ಶಕ ಹಾಳೆಯನ್ನು ಹುಣ್ಣಿನ ಮೇಲಿಟ್ಟು ಅಂಚನ್ನು ಪೆನ್ನಿನಲ್ಲಿ ತಿದ್ದಿದ್ದಳು. ಹತ್ತು ಹಾಳೆಗಳನ್ನು ನನ್ನ ಮುಂದೆ ಹರಡಿದಳು, ಒಂದಕ್ಕಿಂತ ಒಂದು ಚಿಕ್ಕ ವೃತ್ತ.

ನಾನು ಸಂತೋಷಪಡಬೇಕಿತ್ತು. ಪಡಲಿಲ್ಲ. ಹೊಟ್ಟೆಯಲ್ಲಿ ಬೆಂಕಿ ಬಿತ್ತು ಎನ್ನುತ್ತಾರಲ್ಲ, ಅದು ಬರೀ ಮಾತು ಎಂದುಕೊಂಡಿದ್ದೆ. ಅಲ್ಲ, ನಿಜವಾಗಿಯೂ ಅಲ್ಲಿಯೇ ಸುಡುತ್ತದೆ, ಹೊಲಿಗೆಯ ಸ್ವಲ್ಪ ಮೇಲೆ. ಅದಕ್ಕಿಂತ ಸುಟ್ಟದ್ದು ಇನ್ನೊಂದು. ನೋಯಿಸುವ ಆ ಹುಡುಗಿಯ ತಲೆಯ ಮೇಲೆ ಮುದುಕಿ ಕೈಯಾಡಿಸುತ್ತಿದ್ದಳು. ಮೂರು ಸಲ ಮಗಳೇ ಎಂದಳು, ನಾನು ಎಣಿಸಿದೆ. ನನ್ನನ್ನು ಒಮ್ಮೆಯೂ ಮಗಳೇ ಎಂದವಳಲ್ಲ.

ಆ ಹೊಳೆಯುವ ಪೊರೆ ಏನಾಯಿತು ಎಂದು ಕೇಳಿದೆ. ನೀದಿಯಾ ವಿನಯದಿಂದಲೇ ಹೇಳಿದಳು, ಅದು ಚರ್ಮವಲ್ಲವಂತೆ. ಹುಣ್ಣಿನ ರಸವನ್ನು ಪ್ರಯೋಗಾಲಯಕ್ಕೆ ಕಳಿಸಿದಾಗ ಬ್ಯಾಕ್ಟೀರಿಯಾ ಒಂದು ಜಾತಿ, ಶಿಲೀಂಧ್ರ ಒಂದು ಜಾತಿ, ಎರಡೂ ಒಟ್ಟಿಗೆ ಸಿಕ್ಕವಂತೆ. ಶಿಲೀಂಧ್ರ ಎಳೆ ಬಿಡುತ್ತದೆ, ಬ್ಯಾಕ್ಟೀರಿಯಾ ಆ ಎಳೆಗೆ ಅಂಟಿಕೊಂಡು ಲೋಳೆ ಸುರಿಸುತ್ತದೆ, ಎರಡೂ ಸೇರಿ ಆ ಲೋಳೆಯೊಳಗೆ ಸಂಸಾರ ಹೂಡುತ್ತವೆ. ಔಷಧಿ ಒಳಗೆ ಇಳಿಯುವುದಿಲ್ಲ. ಮೈಯ ಕಾವಲಿಗೆಂದು ಇರುವ ಬಿಳಿ ರಕ್ತಕಣಗಳು ಓಡಿ ಬರುತ್ತವೆ, ಲೋಳೆಯನ್ನು ನುಂಗಲಾಗದೆ ತಮ್ಮಲ್ಲಿರುವ ವಿಷವನ್ನೆಲ್ಲ ಅಲ್ಲಿಯೇ ಕಾರುತ್ತವೆ. ಅದರಿಂದ ಲೋಳೆಗೆ ಏನೂ ಆಗುವುದಿಲ್ಲ, ಕರಗುವುದು ನಮ್ಮದೇ ಮಾಂಸ. ಅಂಚಿನಲ್ಲಿ ಹುಟ್ಟಿದ ಚರ್ಮದ ಕಣಗಳೂ ಆ ಲೋಳೆಯನ್ನು ದಾಟಲಾರದೆ ನಿಂತಲ್ಲೇ ಸಾಯುತ್ತವೆ.

"ಬೀಗ ಹಾಕಿದ ಮನೆಗೆ ಕಲ್ಲು ಹೊಡೆದು ತಮ್ಮ ಮನೆ ಹಂಚು ಒಡ್ಕೊಂಡ್ರು ಅನ್ನು," ಎಂದಳು ಬ್ರಿಜಿದಾ ಚಿಕ್ಕಮ್ಮ. "ಇದು ರೈಮಾ ಕಣೇ ಕಸಿಲ್ದಾ. ನನ್ನ ಕಾಲಿಗೆ ರೈಮಾ ಹಿಡಿದಿತ್ತು."

ರೈಮಾ ಎಂದರೆ ಹಸಿ ಚೀಸಿನ ಮೈಮೇಲೆ ಮೊದಲ ವಾರಗಳಲ್ಲಿ ಬರುವ ಲೋಳೆ. ಅದನ್ನು ಬೆಚ್ಚನೆಯ ನೀರಿನಲ್ಲಿ ಉಜ್ಜಿ ಉಜ್ಜಿ ತೆಗೆಯದಿದ್ದರೆ ಸಿಪ್ಪೆ ಕಟ್ಟುವುದಿಲ್ಲ, ಒಳಗಿಂದ ಕೊಳೆಯುತ್ತದೆ. ನಮ್ಮೂರಿನ ಮಕ್ಕಳಿಗೂ ಇದು ಗೊತ್ತು. ಆರು ವರ್ಷ ಚೀಸನ್ನು ಹಾಗೆ ತೊಳೆಯದೆ ಬಿಟ್ಟಿದ್ದರೆ ಊರಿನವರು ತನ್ನನ್ನು ಗಡೀಪಾರು ಮಾಡುತ್ತಿದ್ದರು ಎಂದು ಮುದುಕಿ ನಕ್ಕಳು. ನನ್ನನ್ನು ನೋಯಿಸಬೇಕು ಎಂದು ಹೇಳಿದ್ದಲ್ಲ, ತಮಾಷೆಗೆ ಹೇಳಿದ್ದು. ನಾನೂ ನಕ್ಕೆ. ಆ ನಗು ನನ್ನ ಹಲ್ಲಿಗೆ ಮರಳಿನ ಹಾಗೆ ಸಿಕ್ಕಿತು.

ಮಾರ್ಚ್ ಮೊದಲ ವಾರದಲ್ಲಿ ಹುಣ್ಣು ಮುಚ್ಚುತ್ತದೆ ಎಂದು ನೀದಿಯಾ ಲೆಕ್ಕ ಹಾಕಿದ್ದಳು. ಆಗ ಕುರಿಹಾಲು ಇನ್ನೂ ಇರುತ್ತದೆ, ಏಪ್ರಿಲ್ ದಾಟಿದರೆ ಬತ್ತುತ್ತದೆ. ಲಿಯೊಕಾದಿಯಾ ಅತ್ತೆಗೆಂದು ಬಿಳಿ ಏಪ್ರನ್ ಹೊಲಿದು ಮೊಳೆಗೆ ನೇತುಹಾಕಿದ್ದಳು.

ನಾನು ಮುಖ್ಯ ನರ್ಸಿನ ಹತ್ತಿರ ಹೋಗಿ, ಬ್ರಿಜಿದಾ ಚಿಕ್ಕಮ್ಮ ನನ್ನ ರೋಗಿ, ನನಗೇ ಬೇಕು ಎಂದೆ. ಹಿರಿಯಳ ಮಾತು, ತೆಗೆದುಹಾಕಲಿಲ್ಲ. ನೀದಿಯಾ ಒಂದಿಷ್ಟೂ ಮುಖ ಸಿಂಡರಿಸದೆ ಚಮಚ ಹಿಡಿಯುವ ರೀತಿ ತೋರಿಸಿಕೊಟ್ಟಳು. ಒಂದು ಮಾತು ಮಾತ್ರ ಎರಡೆರಡು ಸಲ ಹೇಳಿದಳು. ಮೂರು ದಿನ ಕೆರೆಯದೆ ಬಿಟ್ಟರೆ ಲೋಳೆ ಮತ್ತೆ ಕಟ್ಟುತ್ತದೆ.

ಮೊದಲ ಸೋಮವಾರ ಮುಲಾಮು ಹಚ್ಚಿದೆ, ಅರ್ಧ ಗಂಟೆ ಕಾದೆ. ಚಮಚ ಕೈಗೆ ತೆಗೆದುಕೊಂಡೆ. ಹುಣ್ಣು ಹರಡಿನ ಹಿಂಬದಿಗೆ ಇದ್ದದ್ದರಿಂದ ಮುದುಕಿಗೆ ಕಾಣುವಂತಿರಲಿಲ್ಲ. ಕಾಲು ಮರಗಟ್ಟಿತ್ತು, ಗೊತ್ತಾಗುವಂತೆಯೂ ಇರಲಿಲ್ಲ. ಆಗ ನನ್ನ ತಲೆಯಲ್ಲಿ ಓಡಿದ್ದನ್ನು ಇದ್ದ ಹಾಗೆ ಹೇಳುತ್ತೇನೆ. ನೀದಿಯಾಳ ಚಮಚದಿಂದ ನನ್ನ ಕೈಯಲ್ಲಿ ಹುಣ್ಣು ಮಾಯ್ದರೆ, ಆರು ವರ್ಷ ಕಸಿಲ್ದಾ ಕೊಳೆಗೆ ಜೋಗುಳ ಹಾಡಿದಳು ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಮಾಯದೆ ನಿಂತರೆ, ಹುಡುಗಿಯ ಹತ್ತು ವಾರ ಬರೀ ಅದೃಷ್ಟ ಎಂದಾಗುತ್ತದೆ. ಮಾಯಬಾರದು ಎಂದು ಬಯಸಿದೆ. ನರ್ಸಾಗಿ ಮೂವತ್ತೆಂಟು ವರ್ಷ ಕಳೆದವಳು, ಒಂದು ಗಾಯ ಮಾಯಬಾರದು ಎಂದು ಬಯಸಿದೆ. ಚಮಚವನ್ನು ತಟ್ಟೆಯಲ್ಲಿಟ್ಟು, ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಬ್ಯಾಂಡೇಜು ಕಟ್ಟಿದೆ.

"ಕೆರೆದ್ಯಾ?" ಎಂದಳು.

"ಕೆರೆದೆ ಚಿಕ್ಕಮ್ಮ."

ಹೀಗೆ ಒಂಬತ್ತು ಸಲ. ಎರಡನೆಯ ವಾರಕ್ಕೆ ಪೊರೆ ಮರಳಿ ಬಂತು, ಹಳದಿ, ತೆಳ್ಳಗೆ, ಹೊಳೆಯುತ್ತಾ. ಮೂರನೆಯ ವಾರ ಅದಕ್ಕೆ ಹಸಿರು ಛಾಯೆ, ಸುತ್ತಲಿನ ಹೊಸ ಚರ್ಮ ಬೆಳ್ಳಗಾಗಿ ಅಂಚಿನಿಂದ ಕಳಚತೊಡಗಿತು. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ. ನಿಲ್ಲಿಸಬಹುದಿತ್ತು. ಪ್ರತಿ ಸಲ ಮೆಟ್ಟಿಲು ಹತ್ತುವಾಗ ಇವತ್ತು ಕೆರೆದುಬಿಡೋಣ ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಮುದುಕಿ, ಆ ಹುಡುಗಿ ಹೇಗಿದ್ದಾಳೆ, ಊಟ ಸರಿಯಾಗಿ ಮಾಡ್ತಾಳಾ, ಈ ಚೀಸ್ ಅವಳಿಗೆ ಕೊಡು, ಎನ್ನುತ್ತಿದ್ದಳು. ನನ್ನ ಕೈ ಮತ್ತೆ ಬಟ್ಟೆಯ ಕಡೆಗೇ ಹೋಗುತ್ತಿತ್ತು. ಆ ಚೀಸನ್ನೂ ನಾನು ಕೊಡಲಿಲ್ಲ. ಮನೆಗೆ ಒಯ್ದು ತಿಂದೆ, ಬೇಕೆಂದೇ ಪೂರ್ತಿ ತಿಂದೆ.

ಫೆಬ್ರವರಿಯ ಕೊನೆಯ ಭಾನುವಾರ ಬೆಳಿಗ್ಗೆ ಲಿಯೊಕಾದಿಯಾ ಫೋನು ಮಾಡಿದಳು. ಅತ್ತೆಗೆ ಚಳಿಜ್ವರ, ಕಾಲು ಮಂಡಿಯವರೆಗೆ ಕೆಂಪಾಗಿ ಊದಿಕೊಂಡಿದೆ, ಏನೇನೋ ಬಡಬಡಿಸುತ್ತಾಳೆ. ಆಂಬುಲೆನ್ಸಿನಲ್ಲಿ ಪಟ್ಟಣದ ಆಸ್ಪತ್ರೆಗೆ ಕರೆದೊಯ್ದರು, ನಾನೂ ಹೋದೆ. ಸೋಂಕು ರಕ್ತಕ್ಕೆ ಇಳಿದಿದೆ, ಔಷಧಿಗೆ ಬಗ್ಗದಿದ್ದರೆ ಕಾಲು ತೆಗೆಯಬೇಕಾಗಬಹುದು ಎಂದು ವೈದ್ಯರು ಹೇಳಿದರು. ಸೊಸೆ ಏಪ್ರನ್ ತುದಿಯನ್ನು ಬಾಯಿಗಿಟ್ಟುಕೊಂಡು ಅತ್ತಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರೆ, ನನಗೆ ಅವಳ ಮುಖ ನೋಡಲಾಗಲಿಲ್ಲ, ಹೊರಗೆ ಕಾರು ನಿಲ್ಲಿಸುವ ಕಡೆ ಬಂದು ನಿಂತೆ.

ನೀದಿಯಾ ಅಲ್ಲಿ ತನ್ನ ಕಾರಿನ ಪಕ್ಕದಲ್ಲಿದ್ದಳು. ರಜೆಯ ದಿನ, ತಲೆ ಬಾಚದೆ ಬಂದಿದ್ದಳು. ಕೆರೆಯುವುದನ್ನು ಶುರುಮಾಡಿದವಳು ಎಂದು ವೈದ್ಯರು ಅವಳನ್ನು ಪ್ರಶ್ನಿಸಿದ್ದರು. ಕೆರೆದು ಕೆರೆದು ಆಳಕ್ಕೆ ಗಾಯ ಮಾಡಿದ್ದರಿಂದ ಸೋಂಕು ಒಳಹೊಕ್ಕಿದೆ, ಇನ್ನು ಹುಣ್ಣನ್ನು ಯಾರೂ ಮುಟ್ಟುವುದು ಬೇಡ ಎಂದು ಅವರ ಅಭಿಪ್ರಾಯ. ಅವಳು ಎದುರಾಡಿರಲಿಲ್ಲ, ತಪ್ಪು ತನ್ನದೇ ಎಂದು ಒಪ್ಪಿಕೊಂಡಿದ್ದಳು. ಮುಖ್ಯ ನರ್ಸಿಗೂ ಫೋನು ಮಾಡಿ, ಗಾಯದ ಕೆಲಸದಿಂದ ತನ್ನನ್ನು ತೆಗೆಯಿರಿ ಎಂದಿದ್ದಳಂತೆ.

ಇದನ್ನು ಕೇಳಿ ನನಗೆ ಏನಾಯಿತು ಗೊತ್ತೇ? ಹಾಲು ಕುಡಿದಷ್ಟು ಸಂತೋಷವಾಯಿತು. ಒಳಗೆ ಒಬ್ಬಳು ಸಾವಿನ ಬಾಗಿಲಲ್ಲಿ, ಹೊರಗೆ ನನಗೆ ಸಂತೋಷ. ಒಂದು ಗಳಿಗೆಯಷ್ಟೇ, ಆದರೆ ಆಗಿದ್ದು ಸುಳ್ಳಲ್ಲ.

ನೀದಿಯಾ ಕಣ್ಣೊರೆಸಿಕೊಂಡಳು. "ಆ ಹತ್ತು ವಾರನೂ ನೀವೇ ಇದ್ದಿದ್ರೆ ಹೀಗೆ ಆಗ್ತಿರ್ಲಿಲ್ಲ ಕಸಿಲ್ದಾ ಅವ್ರೇ. ಯಾವ ಮನೆಗೆ ಹೋದ್ರೂ, ಕಸಿಲ್ದಾ ಕೈ ನೋಯಿಸಲ್ಲ, ಕಸಿಲ್ದಾ ಯಾವಾಗ ಬರ್ತಾಳೆ ಅಂತಿದ್ರು. ಬ್ರಿಜಿದಾ ಚಿಕ್ಕಮ್ಮನೂ ಅಷ್ಟೇ, ಮೊದಲ ತಿಂಗಳು ದಿನಾ ನಿಮ್ಮ ಹೆಸರೇ. ನಾನು ಕಾರಲ್ಲಿ ಕೂತು ಅಳ್ತಿದ್ದೆ. ನಿಮ್ಮನ್ನ ನೋಡೋಕೆ ಮುಂಚೆನೇ ನಿಮ್ಮ ಮೇಲೆ ಹೊಟ್ಟೆಕಿಚ್ಚು ಬಂದ್ಬಿಟ್ಟಿತ್ತು ನಂಗೆ."

ಅವಳು ಇಷ್ಟು ಹೇಳಿ, ಕ್ಷಮಿಸಿ ಎಂದಳು. ನನ್ನ ಹತ್ತಿರ ಕ್ಷಮೆ ಕೇಳಿದಳು. ಉರಿದುಕೊಂಡರೂ ಈ ಹುಡುಗಿ ತನ್ನ ಕೆಲಸವನ್ನು ಬಿಟ್ಟಿರಲಿಲ್ಲ, ವಾರವಾರ ವೃತ್ತವನ್ನು ಚಿಕ್ಕದು ಮಾಡುತ್ತಾ ಬಂದಿದ್ದಳು. ನಾನು ಉರಿದುಕೊಂಡು ಮಾಡಿದ್ದೇನು?

"ನಾನು ಕೆರೆಯಲೇ ಇಲ್ಲ," ಎಂದೆ.

ಅರ್ಥವಾಗದೆ ನೋಡಿದಳು.

"ಮೂರು ವಾರ. ಒಂಬತ್ತು ಸಲನೂ ಬರೀ ಒರೆಸಿ ಕಟ್ಟಿದೆ. ಪೊರೆ ಪೂರ್ತಿ ಬಂದಿದೆ. ನಿಂದೇನೂ ತಪ್ಪಿಲ್ಲ."

ಬೈಯುತ್ತಾಳೆ, ಕೆನ್ನೆಗೆ ಬಾರಿಸುತ್ತಾಳೆ ಎಂದುಕೊಂಡೆ. ಬಾರಿಸಿದ್ದರೆ ಸುಲಭವಿತ್ತು. ಅವಳು ನನ್ನನ್ನು ಬಿಟ್ಟು ಒಳಗೆ ಓಡಿದಳು. ವೈದ್ಯರಿಗೆ ಈಗಲೇ ಗೊತ್ತಾಗಬೇಕು ಎಂದಷ್ಟೇ ಕೇಳಿಸಿತು. ನಾನೂ ಹಿಂದೆ ಹೋದೆ, ಅವರ ಮುಂದೆ ನಿಂತು ನನ್ನ ಬಾಯಿಂದಲೇ ಇನ್ನೊಮ್ಮೆ ಹೇಳಿದೆ. ಹುಣ್ಣನ್ನು ಮುಟ್ಟಬೇಡಿ ಎಂದಿದ್ದವರು ಅದೇ ಮಧ್ಯಾಹ್ನ ಮುದುಕಿಯನ್ನು ಆಪರೇಷನ್ ಕೋಣೆಗೆ ಒಯ್ದು ಪೊರೆಯನ್ನೆಲ್ಲ ಬೇರುಸಹಿತ ತೆಗೆದರು. ನಾಲ್ಕನೆಯ ದಿನ ಜ್ವರ ಇಳಿಯಿತು. ಕಾಲು ಉಳಿಯಿತು. ಹುಣ್ಣು ಮಾತ್ರ ನಾನು ಆರು ವರ್ಷ ನೋಡಿದ್ದಕ್ಕಿಂತ ದೊಡ್ಡದಾಗಿತ್ತು. ಬೇಸಿಗೆ ಮುಗಿಯುವ ಮೊದಲು ಮುಚ್ಚುವುದಿಲ್ಲ ಎಂದರು.

ಐದನೆಯ ದಿನ ನೀದಿಯಾ, ನನಗೆ ಹೇಳಿದರೆ ಸಾಲದು, ಚಿಕ್ಕಮ್ಮನಿಗೂ ಹೇಳಿ, ಎಂದು ನನ್ನನ್ನು ವಾರ್ಡಿನ ಬಾಗಿಲವರೆಗೆ ಕರೆತಂದು ತಾನು ಹೊರಗೆ ನಿಂತಳು. ಬ್ರಿಜಿದಾ ಚಿಕ್ಕಮ್ಮ ದಿಂಬಿಗೆ ಒರಗಿದ್ದಳು, ಮುಖ ಅರ್ಧಕ್ಕೆ ಇಳಿದಿತ್ತು. ನಾನು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು, ಅವಳ ಮುಖ ನೋಡದೆ, ಮೊದಲಿಂದ ಕೊನೆಯವರೆಗೆ ಹೇಳಿದೆ. ಚೀಸ್ ತಿಂದದ್ದನ್ನೂ ಹೇಳಿದೆ.

"ಗೊತ್ತು," ಎಂದಳು.

ನಾನು ತಲೆಯೆತ್ತಿದೆ.

"ಮುಲಾಮು ಹಚ್ಚಿದ್ರೆ ಕಾಲು ಮರಗಟ್ಟುತ್ತೆ ಕಣೇ, ಕಿವಿ ಮರಗಟ್ಟಲ್ಲ. ಆ ಹುಡುಗಿ ಕೆರೆದ್ರೆ ಸದ್ದು ಬರ್ತಿತ್ತು. ನೀನು ಮಾಡುವಾಗ ಸದ್ದೇ ಇರ್ಲಿಲ್ಲ."

"ಮತ್ತೆ ಯಾಕೆ ಸುಮ್ನಿದ್ರಿ ಚಿಕ್ಕಮ್ಮ? ನಿಮ್ಮ ಕಾಲು. ನನಗಲ್ಲದಿದ್ರೆ ಸೊಸೆಗಾದ್ರೂ ಒಂದು ಮಾತು ಹೇಳಬಹುದಿತ್ತಲ್ಲ."

ಅವಳು ಹೊದಿಕೆಯ ಅಂಚನ್ನು ಮಡಿಚಿದಳು.

"ಆರು ವರ್ಷ ನನ್ನ ನಾರುವ ಕಾಲನ್ನ ತೊಡೆ ಮೇಲೆ ಇಟ್ಕೊಂಡೋಳು ನೀನು. ನಿನ್ನ ಮುಖಕ್ಕೆ ಹೊಡೆದ ಹಾಗೆ ಹೇಗೆ ಹೇಳ್ಲಿ? ನಿನ್ನ ಉರಿ ಇಳೀಲಿ, ಇವತ್ತಲ್ಲ ನಾಳೆ ಕೆರೀತಾಳೆ ಅಂದ್ಕೊಂಡೆ. ಪ್ರತಿ ಸಲ ಅದನ್ನೇ ಅಂದ್ಕೊಂಡೆ ಕಸಿಲ್ದಾ."

ನಾನು ಅತ್ತೆ. ಅವಳು ಸಮಾಧಾನ ಮಾಡಲಿಲ್ಲ. ಈ ವರ್ಷದ ಹಾಲು ಮುಗಿಯಿತು, ಎಂದಳು ಕಿಟಕಿಯ ಕಡೆ ನೋಡಿ. ಮುಂದಿನ ಹಾಲಿಗೆ ತನಗೆ ಎಂಬತ್ತೆರಡು, ಇದ್ದರೆ ಇದ್ದೆ, ಇಲ್ಲದಿದ್ದರೆ ಇಲ್ಲ, ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಆ ಹುಡುಗಿ ಹೊರಗಿದ್ದಾಳಾ?"

"ಇದ್ದಾಳೆ."

"ಕರಿ. ಕಾಲು ಇನ್ನು ಅವಳು ನೋಡ್ಲಿ. ನೀನು ಊಟಕ್ಕೆ ಬಾ."

ಅಷ್ಟಾದ ಮೇಲೂ, ದೇವರಾಣೆ, ನನ್ನ ಹೊಟ್ಟೆಯಲ್ಲಿ ಆ ಉರಿ ಮತ್ತೆ ಒಂದು ಸಲ ಎದ್ದಿತು. ನಾನು ಎದ್ದು ಹೋಗಿ ಬಾಗಿಲು ತೆರೆದು ನೀದಿಯಾಳನ್ನು ಕರೆದೆ. ಅವಳು ಕೈ ತೊಳೆದು ಬರುವಷ್ಟರಲ್ಲಿ ನಾನು ಕೂತಿದ್ದ ಸ್ಟೂಲನ್ನು ಕಾಲಿನ ಬದಿಗೆ ಸರಿಸಿ ಅವಳಿಗೆ ಬಿಟ್ಟು, ಗೋಡೆಯ ಹತ್ತಿರ ನಿಂತೆ.